‘ನಮಗ ಮನಿ ಬೇಕಾಗೇತ್ರಿ’: ಒಂದು ಮಾತಿನ ನೂರು ವರ್ಷದ ಕಥೆ

(ಈ ವಾರದ ಸಂಚಿಕೆಯ ಲಿಖಿತ ರೂಪ. ಕೇಳಲು ಸಮಯವಿಲ್ಲದವರು ಓದಬಹುದು.)

ಇಯರ್‌ಫೋನ್ ಹಾಕ್ಕೊಂಡು ಚಿಗರಿ ಬಸ್ಸಿನಲ್ಲಿ ಕೂತಿದ್ದೀರಾ? ಹಾಗಿದ್ದರೆ ಧಾರವಾಡ ಬಿಟ್ಟು ಹುಬ್ಬಳ್ಳಿ ಕಡೆ ಹೋಗುವಾಗ ಲಕಮನಹಳ್ಳಿ ಅಂತ ಒಂದು ಸ್ಟಾಪ್ ಬರುತ್ತೆ, ನೋಡಿ. ಹಾಲಿನ ಡೇರಿ, ಇಂಡಸ್ಟ್ರಿಯಲ್ ಏರಿಯಾದ ಶೆಡ್‌ಗಳು, ಅದರ ಹಿಂದೆ ಹೊಸ ಹೊಸ ಮನೆಗಳು. ಆ ಮನೆಗಳಲ್ಲಿ ಒಂದು ನಮ್ಮದು. ನಮ್ಮದು ಅಂದರೆ ನಮ್ಮ ಅಪ್ಪ ಸಾಲ ಮಾಡಿ ಕಟ್ಟಿಸಿದ್ದು. ಆದರೆ ಅದರಲ್ಲಿ ನಾವು ಇಲ್ಲ. ಅಪ್ಪ ಸರ್ಕಾರಿ ನೌಕರ, ಇರೋದು ಬೇರೆ ಜಿಲ್ಲೆಯಲ್ಲಿ, ಕ್ವಾರ್ಟರ್ಸ್‌ನಲ್ಲಿ. 2027ರ ನವೆಂಬರ್‌ನಲ್ಲಿ ರಿಟೈರ್ ಆಗ್ತಾರೆ. ಆಮೇಲೆ ಅವ್ವ, ಅಪ್ಪ, ನಮ್ಮ ಆಯಿ ಮೂರೂ ಜನ ಆ ಮನೆಗೆ ಬರಬೇಕು.

ಅಲ್ಲಿಯವರೆಗೆ ಮನೆ ಬಾಡಿಗೆಗೆ ಕೊಡಬೇಕು. ಆ ಕೆಲಸ ನನ್ನ ತಲೆಗೆ ಬಂತು. ‘ನೀ ಬಿ.ಕಾಂ. ಓದೀಯಲ್ಲ, ಲೆಕ್ಕಾಚಾರ ನಿನಗ ಗೊತ್ತಾಗತದ’ ಅಂದರು ಅಪ್ಪ. ನಾನೂ ಹಾಗೇ ಅಂದುಕೊಂಡೆ. ಒಂದು ಫೋಟೋ ಹಾಕೋದು, ನಾಲ್ಕು ಜನ ಬಂದು ನೋಡೋದು, ಅಡ್ವಾನ್ಸ್ ತಗೊಳ್ಳೋದು. ಅಷ್ಟೇ ಅಲ್ವಾ?

ಆಯಿ ಮಾತ್ರ ಒಪ್ಪಲಿಲ್ಲ. ‘ಖಾಲಿ ಬಿದ್ರ ಬೀಳಲಿ. ಬಾಡಗಿ ಕೊಡಬ್ಯಾಡ್ರಿ. ಬೇಕಂದಾಗ ಮನಿ ಕೈಗೆ ಸಿಗಂಗಿಲ್ಲ’ ಅಂತ ಹಟ ಹಿಡಿದು ಕೂತಳು. ಎಂಬತ್ತರ ಆಯಿಗೆ ಯಾಕೆ ಇಷ್ಟು ಹೆದರಿಕೆ ಅಂತ ಕೇಳ್ತಾ ಹೋದೆ. ಉತ್ತರ ಹುಡುಕುತ್ತಾ ನಾನು ಹೋಗಿ ನಿಂತಿದ್ದು ಒಂದನೇ ಮಹಾಯುದ್ಧದ ಹತ್ತಿರ. ಇವತ್ತಿನ ಸಂಚಿಕೆ ಅದೇ.

ಅಜ್ಜನ ಮನೆ, 1971

ಮೊದಲು ಆಯಿ ಹೇಳಿದ ಕಥೆ. ನಮ್ಮ ಅಜ್ಜ ಸರ್ಕಾರಿ ಶಾಲೆಯ ಮಾಸ್ತರ. ಧಾರವಾಡದ ಹಳೇ ಓಣಿಯಲ್ಲಿ ನಾಲ್ಕು ಖೋಲಿಯ ಮನೆ. 1971ರಲ್ಲಿ ವಿಜಾಪುರದ ಕಡೆ ವರ್ಗ ಆಯ್ತು. ‘ಎರಡ ವರ್ಷದ ಮಾತು, ಮತ್ತ ಬರ್ತೀನಿ’ ಅಂತ ಹೇಳಿ ಒಬ್ಬ ಗುಮಾಸ್ತರಿಗೆ ತಿಂಗಳಿಗೆ 40 ರೂಪಾಯಿಗೆ ಕೊಟ್ಟರು. ಕಾಗದ ಇಲ್ಲ, ಪತ್ರ ಇಲ್ಲ. ಗುಮಾಸ್ತರೂ ಒಳ್ಳೇ ಮನುಷ್ಯ. ಪ್ರತಿ ತಿಂಗಳು ಮನಿ ಆರ್ಡರ್ ತಪ್ಪದೆ ಬರ್ತಿತ್ತು.

1974ರಲ್ಲಿ ಅಜ್ಜ ತಿರುಗಿ ಬಂದರು. ನಮ್ಮ ಅಪ್ಪನಿಗೆ ಆಗ ಏಳು ವರ್ಷ. ಅಜ್ಜ ಹೋಗಿ ಹೇಳಿದ್ದು ಒಂದೇ ಮಾತು: ‘ನಮಗ ಮನಿ ಬೇಕಾಗೇತ್ರಿ.’ ಗುಮಾಸ್ತರು ಹೇಳಿದ್ದೂ ಒಂದೇ ಮಾತು: ‘ಮಾಸ್ತರ್ರ, ಎಲ್ಲಿಗೆ ಹೋಗ್ಲಿ? ಮೂರು ಮಕ್ಕಳು, ವಯಸ್ಸಾದ ತಾಯಿ. ಈ ಬಾಡಗಿಗೆ ಊರಾಗ ಎಲ್ಲೂ ಮನಿ ಸಿಗವಲ್ದು.’

ಅಜ್ಜ ಕೋರ್ಟಿಗೆ ಹೋದರು. ತಾವು ತಮ್ಮದೇ ಊರಲ್ಲಿ ಬಾಡಿಗೆ ಮನೆ ಹಿಡಿದು, ಅಲ್ಲಿಂದ ಕೋರ್ಟಿಗೆ ಅಲೆದರು. 1981ರಲ್ಲಿ ಆದೇಶ ಬಂತು. ಏನಂತ? ಮನೆಯಲ್ಲಿ ಅರ್ಧ ಮಾತ್ರ ಅಜ್ಜನಿಗೆ. ಹಿಂದಿನ ಎರಡು ಖೋಲಿ ಇವರಿಗೆ, ಮುಂದಿನ ಎರಡು ಗುಮಾಸ್ತರಿಗೆ. ಬಚ್ಚಲು ಒಂದೇ, ನಲ್ಲಿ ಒಂದೇ. ತನ್ನ ಮನೆಗೆ ಹೋಗಲು ಆಯಿ ಪಕ್ಕದ ಸಂದಿಯಿಂದ ಹಿತ್ತಲ ಬಾಗಿಲಿಗೆ ಹೋಗಬೇಕಾಗಿತ್ತು.

ಇದನ್ನು ಕೇಳಿದಾಗ ನಾನು ‘ಇದೆಂಥ ಅನ್ಯಾಯ, ಜಡ್ಜ್ ಹಿಂಗ್ಯಾಕೆ ಮಾಡಿದ್ರು’ ಅಂದೆ. ಆಮೇಲೆ ಕಾನೂನು ಓದಿದೆ. ಜಡ್ಜ್ ತಮ್ಮ ಮನಸ್ಸಿಗೆ ಬಂದ ಹಾಗೆ ಮಾಡಿರಲಿಲ್ಲ. ಕಾನೂನಿನಲ್ಲೇ ಹಾಗೆ ಬರೆದಿತ್ತು. ಅದು ಎಲ್ಲಿಂದ ಬಂತು ಅನ್ನೋದೇ ಈ ಕಥೆಯ ಸ್ವಾರಸ್ಯ.

ಗ್ಲಾಸ್ಗೋದಿಂದ ಮುಂಬೈಗೆ, ಮುಂಬೈಯಿಂದ ಧಾರವಾಡಕ್ಕೆ

1915. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರ. ಯುದ್ಧ ನಡೀತಿದೆ. ಹಡಗು ಮತ್ತು ಮದ್ದುಗುಂಡು ಕಾರ್ಖಾನೆಗಳಿಗೆ ಸಾವಿರಾರು ಕೆಲಸಗಾರರು ಬಂದಿಳಿದಿದ್ದಾರೆ. ಮನೆಗಳು ಕಡಿಮೆ. ಮಾಲೀಕರು ಬಾಡಿಗೆ ಏರಿಸಿದರು. ಗಂಡಂದಿರು ಯುದ್ಧದಲ್ಲಿ ಅಥವಾ ಕಾರ್ಖಾನೆಯಲ್ಲಿ, ಮನೆಯಲ್ಲಿ ಹೆಂಗಸರು. ಮೇರಿ ಬಾರ್ಬರ್ ಅನ್ನೋ ಹೆಣ್ಣುಮಗಳ ಮುಂದಾಳತ್ವದಲ್ಲಿ ಅವರು ‘ಏರಿಸಿದ ಬಾಡಿಗೆ ಕೊಡಲ್ಲ’ ಅಂತ ನಿಂತುಬಿಟ್ಟರು. ಮನೆ ಖಾಲಿ ಮಾಡಿಸೋಕೆ ಅಧಿಕಾರಿ ಬಂದರೆ ಇಡೀ ಓಣಿಯೇ ಬಾಗಿಲಲ್ಲಿ ಅಡ್ಡ. ಅದೇ ವರ್ಷದ ಕೊನೆಗೆ ಬ್ರಿಟಿಷ್ ಸರ್ಕಾರ ಬಾಡಿಗೆ ಏರಿಕೆಗೆ ತಡೆ ಹಾಕೋ ಕಾನೂನು ತಂತು.

ಮೂರು ವರ್ಷದಲ್ಲಿ ಆ ವಿಚಾರ ಮುಂಬೈಗೆ ಬಂತು. 1918ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಯುದ್ಧಕಾಲದ ಬಾಡಿಗೆ ನಿರ್ಬಂಧ ಕಾನೂನು ಬಂತು. ಎರಡನೇ ಮಹಾಯುದ್ಧ ಶುರುವಾದಾಗ, 1939ರಲ್ಲಿ ಮತ್ತೊಂದು. ಆಮೇಲೆ 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆ. ಆಗ ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ವಿಜಾಪುರ ಎಲ್ಲಾ ಮುಂಬೈ ಪ್ರಾಂತ್ಯದೊಳಗೇ ಇದ್ದವು. ನಾವು ಇವತ್ತಿಗೂ ಸಾಲು ಮನೆಗೆ ‘ಚಾಳ’ ಅಂತೀವಿ, ಬೆಂಗಳೂರಿನವರು ‘ವಠಾರ’ ಅಂತಾರೆ. ಆ ಒಂದು ಶಬ್ದದಲ್ಲೇ ನಮ್ಮ ಹಳೇ ರಾಜಧಾನಿ ಯಾವುದಿತ್ತು ಅಂತ ಗೊತ್ತಾಗುತ್ತೆ.

ಈ 1947ರ ಕಾಯ್ದೆಯಲ್ಲಿ ಎರಡು ಮುಖ್ಯ ಅಂಶ ಇದ್ದವು.

ಒಂದು, ‘ಸ್ಟ್ಯಾಂಡರ್ಡ್ ಬಾಡಿಗೆ’. 1940ರ ಸೆಪ್ಟೆಂಬರ್ 1ರಂದು ಒಂದು ಮನೆಗೆ ಎಷ್ಟು ಬಾಡಿಗೆ ಇತ್ತೋ, ಸುಮಾರಾಗಿ ಅದೇ ಅಳತೆ. ಕೆಲವು ಸಣ್ಣ ಏರಿಕೆಗಳನ್ನು ಬಿಟ್ಟರೆ ಬಾಡಿಗೆ ಅಲ್ಲಿಗೇ ಗೂಟ ಹೊಡೆದ ಹಾಗೆ.

ಎರಡು, ಮಾಲೀಕ ಬಾಡಿಗೆದಾರನನ್ನು ಸುಮ್ಮಸುಮ್ಮನೆ ಬಿಡಿಸೋ ಹಾಗಿಲ್ಲ. ಕಾರಣ ಬೇಕು. ಒಪ್ಪುವ ಕಾರಣಗಳ ಪಟ್ಟಿಯಲ್ಲಿ ನಮ್ಮ ಅಜ್ಜನ ಮಾತೂ ಇತ್ತು: ಮಾಲೀಕನ ಸ್ವಂತ ವಾಸಕ್ಕೆ ಮನೆ ಬೇಕು. ಆದರೆ ಅದಕ್ಕೆ ಎರಡು ಬೀಗ. ಆ ಬೇಡಿಕೆ ನ್ಯಾಯವಾದದ್ದೂ ಪ್ರಾಮಾಣಿಕವಾದದ್ದೂ ಅಂತ ಸಾಬೀತಾಗಬೇಕು, ಅದು ಮೊದಲ ಬೀಗ. ಸಾಬೀತಾದ ಮೇಲೆ ಕೋರ್ಟು ಇನ್ನೊಂದು ಪ್ರಶ್ನೆ ಕೇಳಬೇಕು: ಮನೆ ಬಿಡಿಸಿದರೆ ಬಾಡಿಗೆದಾರನಿಗೆ ಆಗೋ ಕಷ್ಟ ದೊಡ್ಡದೋ, ಬಿಡಿಸದಿದ್ದರೆ ಮಾಲೀಕನಿಗೆ ಆಗೋ ಕಷ್ಟ ದೊಡ್ಡದೋ? ಬಾಡಿಗೆದಾರನ ಕಷ್ಟವೇ ದೊಡ್ಡದಾದರೆ ಮನೆ ಸಿಗಲ್ಲ. ಮನೆಯ ಒಂದು ಭಾಗ ಕೊಟ್ಟರೆ ಇಬ್ಬರಿಗೂ ನಡೆಯುತ್ತೆ ಅನ್ನಿಸಿದರೆ, ಭಾಗ ಮಾತ್ರ ಕೊಡಬಹುದು.

ಗೊತ್ತಾಯ್ತಲ್ಲ, ಆಯಿಯ ಹಿತ್ತಲ ಬಾಗಿಲು ಎಲ್ಲಿಂದ ಬಂತು ಅಂತ?

ಖಾಲಿ ಮನೆಗೂ ಸರ್ಕಾರದ ಲೆಕ್ಕ

1956ರ ನವೆಂಬರ್ 1ಕ್ಕೆ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು, ಹಳೇ ಮೈಸೂರು ಅಂತ ಬೇರೆ ಬೇರೆ ಆಡಳಿತದಿಂದ ಬಂದ ಪ್ರದೇಶಗಳು. ಒಂದೊಂದು ಕಡೆ ಒಂದೊಂದು ಬಾಡಿಗೆ ಕಾನೂನು. ಇವನ್ನೆಲ್ಲ ಒಂದು ಮಾಡಿದ್ದು 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಇವತ್ತಿಗೂ ಕೋರ್ಟ್ ಆವರಣದಲ್ಲಿ ಹಳೇ ವಕೀಲರು ‘ಎಚ್‌ಆರ್‌ಸಿ ಕೇಸ್’ ಅಂತಾರಲ್ಲ, ಅದು ಇದೇ. ಹೌಸ್ ರೆಂಟ್ ಕಂಟ್ರೋಲ್.

ಸ್ವಂತ ವಾಸದ ಕಾರಣ, ಯಾರ ಕಷ್ಟ ದೊಡ್ಡದು ಅನ್ನೋ ತಕ್ಕಡಿ, ಅರ್ಧ ಮನೆಯ ಆದೇಶ, ಮೂರೂ ಇದರಲ್ಲಿ ಮುಂದುವರಿದವು. ಜೊತೆಗೆ ನನ್ನ ವಯಸ್ಸಿನವರಿಗೆ ನಂಬೋಕೆ ಕಷ್ಟವಾಗೋ ಒಂದು ನಿಯಮ ಇತ್ತು. ನಿಮ್ಮ ಬಾಡಿಗೆ ಮನೆ ಖಾಲಿಯಾಯ್ತು ಅನ್ನಿ. 15 ದಿನದೊಳಗೆ ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕು. ಆ ಮನೆ ಯಾರಿಗೆ ಕೊಡಬೇಕು ಅಂತ ಅಧಿಕಾರಿ ಆದೇಶ ಮಾಡಬಹುದು. ಅಂದರೆ ‘ಒಳ್ಳೇ ಬಾಡಿಗೆದಾರರನ್ನು ಹೇಗೆ ಹುಡುಕೋದು’ ಅಂತ ನಾನು ತಲೆ ಕೆಡಿಸಿಕೊಂಡಿದ್ದೀನಲ್ಲ, ಆ ಪ್ರಶ್ನೆಯನ್ನೇ ಕೇಳೋ ಅವಕಾಶ ಕಾನೂನಿನ ಪ್ರಕಾರ ಮಾಲೀಕನಿಗೆ ಪೂರ್ತಿಯಾಗಿ ಇರಲಿಲ್ಲ.

ಯಾಕೆ ಹೀಗೆ? ಊರು ಬೆಳೀತಿತ್ತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂತು. ಓದೋಕೆ ಬಂದವರು, ಕಲಿಸೋಕೆ ಬಂದವರು, ಸರ್ಕಾರಿ ಕಚೇರಿಗೆ ವರ್ಗವಾಗಿ ಬಂದವರು. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಸೇರಿ ಒಂದೇ ಮಹಾನಗರ ಪಾಲಿಕೆ ಆಯ್ತು, ನಡುವಿನ ಹಳ್ಳಿಗಳೂ ಒಳಗೆ ಬಂದವು. ಬಂದವರಿಗೆಲ್ಲ ತಲೆ ಮೇಲೊಂದು ಸೂರು ಬೇಕಿತ್ತು. ಮನೆ ಇದ್ದವರು ಕಡಿಮೆ, ಮನೆ ಬೇಕಾದವರು ಹೆಚ್ಚು. ಕಾನೂನು ಬೇಕಾದವರ ಕಡೆ ನಿಂತಿತು.

ಇಲ್ಲಿ ಇನ್ನೊಂದು ವಿಷಯ ಸೇರಿಸಬೇಕು. ಅಜ್ಜ ವಾಪಸ್ ಬಂದ ವರ್ಷ ಯಾವುದು ಹೇಳಿ? 1974. ಅದೇ ವರ್ಷದ ಮಾರ್ಚ್ 1ಕ್ಕೆ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿ ಕೊಟ್ಟ ಹೊಲಗಳು ಸರ್ಕಾರದ ವಶವಾಗಿ, ಫಾರಂ ನಂಬರ್ 7 ತುಂಬಿದ ಗೇಣಿದಾರರು ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಉಳುವವನೇ ಹೊಲದೊಡೆಯ. ತಲೆಮಾರುಗಟ್ಟಲೆ ಬೇರೆಯವರ ಹೊಲ ಉತ್ತವರಿಗೆ ಅದು ದೊಡ್ಡ ಬಿಡುಗಡೆ. ಆದರೆ ಓಣಿಯಲ್ಲಿ ಒಂದು ಖೋಲಿ ಬಾಡಿಗೆ ಕೊಟ್ಟವರು ಬೇರೆ ಥರ ಕೇಳಿಸಿಕೊಂಡರು. ಆಯಿ ಹೇಳ್ತಾಳೆ, ‘ಆವಾಗ ಓಣ್ಯಾಗ ಎಲ್ಲಾರೂ ಅಂತಿದ್ರು, ಇವತ್ತು ಹೊಲ, ನಾಳೆ ಮನಿ. ಇದ್ದಾಂವನ ಮನಿ ಒಡೆಯ ಆಗ್ತಾನ ಅಂತ.’

ಆ ಹೆದರಿಕೆ ತಪ್ಪು. ಇದನ್ನು ಸ್ಪಷ್ಟವಾಗಿ ಹೇಳ್ತೀನಿ, ಯಾಕಂದ್ರೆ ಇವತ್ತಿಗೂ ವಾಟ್ಸಾಪ್‌ನಲ್ಲಿ ಓಡಾಡುತ್ತೆ. ಬಾಡಿಗೆ ಕಾನೂನು ಮನೆಯ ಒಡೆತನವನ್ನು ಬಾಡಿಗೆದಾರನಿಗೆ ಎಂದೂ ಕೊಡಲಿಲ್ಲ. ಇರೋ ಹಕ್ಕಿಗೆ ರಕ್ಷಣೆ ಕೊಟ್ಟಿತು, ಅಷ್ಟೇ. ‘12 ವರ್ಷ ಇದ್ದರೆ ಮನೆ ಅವರದ್ದೇ’ ಅನ್ನೋ ಮಾತೂ ಬಾಡಿಗೆದಾರನಿಗೆ ಹೊಂದಲ್ಲ. ಮಾಲೀಕನ ಅನುಮತಿಯಿಂದ, ಅವನನ್ನು ಮಾಲೀಕ ಅಂತ ಒಪ್ಪಿ ಬಾಡಿಗೆ ಕೊಟ್ಟು ಇರುವವನು, ವರ್ಷ ಕಳೆದಿದೆ ಅನ್ನೋ ಒಂದೇ ಕಾರಣಕ್ಕೆ ಒಡೆಯ ಆಗಲ್ಲ. ಆದರೆ ಹೊಲದ ಸುದ್ದಿ, ಕೋರ್ಟಿನ ಸುದ್ದಿ ಎರಡೂ ಸೇರಿ ಒಂದು ತಲೆಮಾರಿಗೆ ಭಯ ಕೂತುಬಿಟ್ಟಿತು. ಅದರ ಬೆಲೆಯನ್ನು ಆಮೇಲೆ ಬಂದ ಬಾಡಿಗೆದಾರರು ತೆತ್ತರು. ಜಾತಿ ಕೇಳೋದು, ಏನು ಉಣ್ತೀರಿ ಅಂತ ಕೇಳೋದು, ಒಂಟಿ ಹೆಣ್ಣುಮಕ್ಕಳಿಗೆ, ಬ್ಯಾಚುಲರ್ ಹುಡುಗರಿಗೆ ಬಾಗಿಲು ಹಾಕೋದು, ಹೆಸರು ಕೇಳಿದ ಕೂಡಲೇ ‘ಮನಿ ಆಗ್ಲೇ ಕೊಟ್ಟೀವ್ರಿ’ ಅನ್ನೋದು. ಎಲ್ಲದಕ್ಕೂ ಮುಂದೆ ಮಾಡಿದ ಕಾರಣ ಒಂದೇ: ‘ನಂಬಿಗಸ್ತರು ಬೇಕು.’

ಬಿ.ಕಾಂ. ಲೆಕ್ಕ

ಈಗ ಸ್ವಲ್ಪ ಲೆಕ್ಕ ಮಾಡೋಣ. ಬಾಡಿಗೆ ಗೂಟ ಹೊಡೆದು ನಿಂತರೆ ಏನಾಗುತ್ತೆ? 40 ರೂಪಾಯಿ ಬಾಡಿಗೆ ಬರೋ ಮನೆಗೆ 400 ರೂಪಾಯಿಯ ಹಂಚು ಯಾರು ಹೊದಿಸ್ತಾರೆ? ಮಾಲೀಕ ರಿಪೇರಿ ಮಾಡಲ್ಲ, ಬಾಡಿಗೆದಾರ ‘ಮನೆ ನಂದಲ್ಲ’ ಅಂತ ಮಾಡಲ್ಲ. ಮನೆ ಸೋರುತ್ತೆ. ಬಿಟ್ಟು ಹೋದರೆ ಹೊರಗಿನ ಬಾಡಿಗೆ ನಾಲ್ಕು ಪಟ್ಟು, ಅದಕ್ಕೇ ಯಾರೂ ಬಿಡಲ್ಲ. ಹೊಸದಾಗಿ ಬಾಡಿಗೆಗೆ ಕೊಡೋಕೆ ಜನ ಹೆದರ್ತಾರೆ, ಹಾಗಾಗಿ ಬಾಡಿಗೆ ಮನೆ ಇನ್ನೂ ಕಡಿಮೆ. ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು, ಮಿಲ್ಟನ್ ಫ್ರೀಡ್‌ಮನ್ ಮತ್ತು ಜಾರ್ಜ್ ಸ್ಟಿಗ್ಲರ್, 1946ರಲ್ಲೇ ಬಾಡಿಗೆ ನಿಯಂತ್ರಣದ ವಿರುದ್ಧ ಒಂದು ಪುಸ್ತಿಕೆ ಬರೆದರು. ಅವರ ವಾದ ಹೆಚ್ಚುಕಡಿಮೆ ಇದೇ.

ನಮ್ಮ ಸುಪ್ರೀಂ ಕೋರ್ಟ್ 1997ರ ಡಿಸೆಂಬರ್‌ನಲ್ಲಿ ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ ಆ ಹಳೇ ಬಾಂಬೆ ಕಾಯ್ದೆಯನ್ನು ಕೈಗೆತ್ತಿಕೊಂಡಿತು. ಬಾಡಿಗೆಯನ್ನು 1940ರ ಮಟ್ಟದಲ್ಲೇ ಕಟ್ಟಿಹಾಕಿ ಇಡೋದು ಕಾಲ ಕಳೆದಂತೆ ಅಸಮಂಜಸ ಆಗಿದೆ ಅಂತ ಹೇಳಿತು. ಕಾಯ್ದೆಯ ಅವಧಿ ಹೇಗೂ ಮುಗೀತಾ ಬಂದಿದ್ದರಿಂದ ರದ್ದು ಮಾಡಲಿಲ್ಲ, ಹೊಸ ಕಾನೂನು ತರಲು ಬಿಟ್ಟಿತು. ಅದಕ್ಕೆ ಒಂದು ವರ್ಷ ಮೊದಲು, 1996ರಲ್ಲಿ, ಇನ್ನೊಂದು ಪ್ರಕರಣದಲ್ಲಿ ತನಗೆ ಮನೆ ಬೇಕೋ ಬೇಡವೋ ಅನ್ನೋದನ್ನು ಮಾಲೀಕನೇ ಚೆನ್ನಾಗಿ ಬಲ್ಲ, ಅವನು ಹೇಗೆ ಬದುಕಬೇಕು ಅಂತ ಬೇರೆಯವರು ಹೇಳೋದು ಸರಿಯಲ್ಲ ಅನ್ನೋ ಅರ್ಥದ ಮಾತನ್ನೂ ಸುಪ್ರೀಂ ಕೋರ್ಟ್ ಹೇಳಿತ್ತು. ತಕ್ಕಡಿ ನಿಧಾನಕ್ಕೆ ಇನ್ನೊಂದು ಕಡೆ ವಾಲುತ್ತಿತ್ತು.

ಕರ್ನಾಟಕದಲ್ಲಿ 1999ರ ಬಾಡಿಗೆ ಕಾಯ್ದೆ ಬಂತು. ಜಾರಿಯಾಗಿದ್ದು 2001ರ ಡಿಸೆಂಬರ್ 31ಕ್ಕೆ. ಸ್ವಂತ ವಾಸಕ್ಕೆ ಮನೆ ಕೇಳೋ ಹಕ್ಕು ಇದರಲ್ಲೂ ಇದೆ. ಸೈನಿಕರು, ನಿವೃತ್ತರಾಗೋ ಸರ್ಕಾರಿ ನೌಕರರು, ವಿಧವೆಯರಂಥವರಿಗೆ ಬೇಗ ಮನೆ ಸಿಗಲಿ ಅಂತ ಬೇರೆ ದಾರಿಯನ್ನೇ ಇಟ್ಟರು. ನಮ್ಮ ಅಜ್ಜ, ಅಪ್ಪನಂಥ ವರ್ಗಾವರ್ಗಿಯ ಜನರ ಗೋಳು ಕೊನೆಗೂ ಯಾರಿಗೋ ಕೇಳಿಸಿತ್ತು ಅನ್ನಿ. ಆದರೆ ಈ ಕಾಯ್ದೆಗೆ ಒಂದು ಮಿತಿ ಇದೆ. ಪಟ್ಟಿಯಲ್ಲಿ ಹೆಸರಿಸಿದ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ. ಅದಕ್ಕಿಂತ ಹೆಚ್ಚಿನ ಬಾಡಿಗೆಯ ಮನೆಗೆ ಕಾಯ್ದೆ ಅನ್ವಯಿಸಲ್ಲ. ಹೊಸದಾಗಿ ಕಟ್ಟಿದ ಮನೆಗೂ ಮೊದಲ 15 ವರ್ಷ ಅನ್ವಯಿಸಲ್ಲ. ಇವತ್ತು ಲಕಮನಹಳ್ಳಿಯಲ್ಲಿ ಎರಡು ಬೆಡ್‌ರೂಮಿನ ಹೊಸ ಮನೆ ಯಾವ ಲೆಕ್ಕದಲ್ಲಿ ನೋಡಿದರೂ ಹೊರಗೆ.

ಹಾಗಾದರೆ ನಮಗೆ ಯಾವ ಕಾನೂನು? 1882ರ ಆಸ್ತಿ ವರ್ಗಾವಣೆ ಕಾಯ್ದೆ. ಹೌದು, ಬ್ರಿಟಿಷರ ಕಾಲದ್ದೇ. ಇದರ ಕಣ್ಣಲ್ಲಿ ಬಾಡಿಗೆ ಅನ್ನೋದು ಇಬ್ಬರ ನಡುವಿನ ಕರಾರು. ಕರಾರಿನ ಅವಧಿ ಮುಗಿದರೆ ಬಾಡಿಗೆಯೂ ಮುಗೀತು. ಅವಧಿ ಬರೆಯದೆ ತಿಂಗಳ ಬಾಡಿಗೆಗೆ ಇದ್ದರೆ 15 ದಿನದ ನೋಟಿಸ್. ಗಮನಿಸಿ, ಇಲ್ಲಿ ಯಾರ ಕಷ್ಟ ದೊಡ್ಡದು ಅಂತ ಕೇಳೋ ತಕ್ಕಡಿಯೇ ಇಲ್ಲ. ಅಜ್ಜನ ಕಾಲದಲ್ಲಿ ತಕ್ಕಡಿ ಒಂದು ಕಡೆ ಭಾರ ಇತ್ತು. ನಮ್ಮ ಕಾಲದಲ್ಲಿ ಅದನ್ನು ಮಡಚಿ ಅಟ್ಟಕ್ಕೆ ಹಾಕಿದ್ದಾರೆ.

ಇನ್ನು 11 ತಿಂಗಳ ಅಗ್ರಿಮೆಂಟ್. ಎಲ್ಲರೂ ಮಾಡ್ತಾರೆ, ಯಾಕೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಲೀಸ್ ಪತ್ರವನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಲೇಬೇಕು. ಅದರ ಖರ್ಚು, ಓಡಾಟ ತಪ್ಪಿಸೋಕೆ ಜನ ಕಂಡುಕೊಂಡ ದಾರಿ 11 ತಿಂಗಳು. ಬಾಡಿಗೆದಾರನನ್ನು ಬಿಡಿಸೋ ವಿಶೇಷ ಶಕ್ತಿ ಏನೂ ಆ 11ಕ್ಕೆ ಇಲ್ಲ. 12ನೇ ತಿಂಗಳು ಸುಮ್ಮನೆ ಬಾಡಿಗೆ ತಗೊಂಡರೆ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದ ಹಾಗೆ.

ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆ ಅಂತ ಒಂದು ಕರಡನ್ನು ಒಪ್ಪಿ ರಾಜ್ಯಗಳಿಗೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಬೇಡ, ಅವಧಿ ಮುಗಿದರೂ ಬಿಡದಿದ್ದರೆ ಮೊದಲ ಎರಡು ತಿಂಗಳು ಬಾಡಿಗೆಯ ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಅಂತ ಅದರಲ್ಲಿದೆ. ಆಗ ಸರ್ಕಾರ ಕೊಟ್ಟ ಕಾರಣ ಕೇಳಿ: 2011ರ ಜನಗಣತಿ ಪ್ರಕಾರ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ನಮ್ಮ ಇಡೀ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಆ ಗಣತಿಯಲ್ಲಿ ಸುಮಾರು 9.4 ಲಕ್ಷ. ಅಂದರೆ ಇಂಥ ಹನ್ನೊಂದು ಊರಿನ ಪ್ರತಿಯೊಬ್ಬ ಮನುಷ್ಯನಿಗೂ ಒಂದೊಂದು ಖಾಲಿ ಮನೆ! ಅವುಗಳಲ್ಲಿ ಎಷ್ಟೋ ಮನೆಗಳ ಬೀಗದ ಹಿಂದೆ ಒಬ್ಬೊಬ್ಬ ಆಯಿ ಕೂತಿರಬೇಕು ಅನ್ನಿಸುತ್ತೆ ನನಗೆ.

ಹಾಗಾದರೆ ನಂಬಿಗಸ್ತ ಅಂದರೆ ಯಾರು?

ಅಜ್ಜನ ಕಥೆಗೆ ವಾಪಸ್ ಬರೋಣ. ಆ ಗುಮಾಸ್ತರು ನಂಬಿಗಸ್ತರಾಗಿರಲಿಲ್ವಾ? ಹದಿನೆಂಟು ವರ್ಷದಲ್ಲಿ ಒಂದು ತಿಂಗಳೂ ಬಾಡಿಗೆ ತಪ್ಪಿಸಲಿಲ್ಲ. ಮನೆ ಹಾಳು ಮಾಡಲಿಲ್ಲ. ಇನ್ನೂ ಕೇಳಿ, 1981ರ ನಂತರ ಒಂದೇ ಮನೆಯ ಮುಂದೆ ಅವರು, ಹಿಂದೆ ಇವರು. ಕೋರ್ಟಿನಲ್ಲಿ ಕೇಸು ಮುಂದುವರಿದೇ ಇತ್ತು. ಹೈಕೋರ್ಟ್ ಪೀಠ ಧಾರವಾಡಕ್ಕೆ ಬಂದಿದ್ದು 2008ರಲ್ಲಿ. ಆಗೆಲ್ಲ ಬೆಂಗಳೂರಿಗೇ ಹೋಗಬೇಕು. ಒಂದು ಸಲ ಅಜ್ಜನೂ ಗುಮಾಸ್ತರೂ ಒಂದೇ ರಾತ್ರಿ ರೈಲಿನಲ್ಲಿ ಹೋಗಿ, ಅಲ್ಲಿ ಎದುರುಬದುರು ನಿಂತು, ಒಂದೇ ರೈಲಿನಲ್ಲಿ ವಾಪಸ್ ಬಂದರಂತೆ. ಬರುವಾಗ ಗುಮಾಸ್ತರ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ ಬುತ್ತಿಯನ್ನು ಇಬ್ಬರೂ ಹಂಚಿಕೊಂಡು ತಿಂದಿದ್ದರು. ನಮ್ಮ ಅಪ್ಪನಿಗೆ ಎಸ್ಸೆಸ್ಸೆಲ್ಸಿಗೆ ಗಣಿತ ಹೇಳಿಕೊಟ್ಟವರೂ ಅವರೇ.

1989ರಲ್ಲಿ ಅವರು ಮನೆ ಬಿಟ್ಟರು. ಕೋರ್ಟ್ ಬಿಡಿಸಿದ್ದಲ್ಲ. ಅವರದೇ ಸ್ವಂತ ಮನೆ ಕಟ್ಟಿ ಮುಗೀತು, ಹೋದರು. ಅಷ್ಟೇ.

ಇದನ್ನು ಕೇಳಿದ ಮೇಲೆ ನನಗೆ ಒಂದು ವಿಷಯ ಹೊಳೀತು. ‘ನಂಬಿಗಸ್ತ ಬಾಡಿಗೆದಾರ’ ಅಂತ ನಾವು ಮನುಷ್ಯನ ಗುಣ ನೋಡ್ತೀವಿ. ಮುಖ ನೋಡ್ತೀವಿ, ನೌಕರಿ ನೋಡ್ತೀವಿ, ಅಡ್ಡಹೆಸರು ನೋಡ್ತೀವಿ. ಗುಮಾಸ್ತರು ಈ ಎಲ್ಲದರಲ್ಲೂ ಪಾಸ್ ಆಗಿದ್ದರು. ತಪ್ಪಿದ್ದು ಕ್ಯಾಲೆಂಡರ್. ಅಜ್ಜನಿಗೆ ಮನೆ ಬೇಕಾದ ದಿನ, ಅವರಿಗೆ ಹೋಗಲು ಜಾಗವಿರಲಿಲ್ಲ. ನೀವು ಮುಂದೆ ವಾಸಕ್ಕೆ ಬರೋ ಮನೆಯನ್ನು ಬಾಡಿಗೆಗೆ ಕೊಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ನೀವು ಯಾರ ಪೈಕಿ’ ಅಲ್ಲ. ‘ನಿಮ್ಮ ಮುಂದಿನ ಮೂರು ವರ್ಷದ ಲೆಕ್ಕ ಏನು’ ಅಂತ ಕೇಳಬೇಕು. ಎರಡು ವರ್ಷದ ಕೋರ್ಸಿಗೆ ಬಂದವರು, ಮೂರು ವರ್ಷಕ್ಕೆ ವರ್ಗವಾಗೋ ಬ್ಯಾಂಕಿನವರು, ಸ್ವಂತ ಮನೆಯ ಪಾಯ ಹಾಕಿದವರು. ಇವರಿಗೆ ತಾವಾಗಿಯೇ ಹೋಗೋ ದಿನ ಇದೆ. ಆ ದಿನ ನಿಮ್ಮ ದಿನಕ್ಕಿಂತ ಮುಂಚೆ ಬಂದರೆ ಸಾಕು. ಈ ಪರೀಕ್ಷೆಯಲ್ಲಿ ಜಾತಿ ಕೇಳೋ ಕಾಲಂ ಬೇಕಾಗೋದೇ ಇಲ್ಲ.

ಇಷ್ಟೆಲ್ಲ ಜ್ಞಾನೋದಯ ಮಾಡಿಕೊಂಡು ನಾನು ಲಕಮನಹಳ್ಳಿಗೆ ಹೋಗಿ ಕೂತೆ. 2025ರ ಮೇ. ಮೂರು ಪಾರ್ಟಿ ಬಂದವು. ಒಂದು ಬ್ಯಾಂಕಿನ ದಂಪತಿ. ಎರಡು ವರ್ಷದಲ್ಲಿ ವರ್ಗ ಗ್ಯಾರಂಟಿ, ಬಾಡಿಗೆ ಸಾವಿರ ಹೆಚ್ಚು ಕೊಡೋಕೂ ತಯಾರು. ನನ್ನ ಕ್ಯಾಲೆಂಡರ್ ಪರೀಕ್ಷೆಗೆ ನೂರಕ್ಕೆ ನೂರು. ಇನ್ನೊಬ್ಬರು ನಾನು ತಾರೀಖು ಹೇಳಿದ ಕೂಡಲೇ ‘ನೋಡೋಣ ಬಿಡ್ರಿ, ಅವಾಗಿನದು ಅವಾಗ’ ಅಂದರು. ನಾನೇ ಕೈಮುಗಿದೆ. ಮೂರನೆಯವರು ಹತ್ತಿರದ ಕಾರ್ಖಾನೆಯಲ್ಲಿ ಕೆಲಸ ಮಾಡೋ ಒಬ್ಬರು, ಅವರ ಹೆಂಡತಿ ಹೊಲಿಗೆ ಕೆಲಸ, ಒಬ್ಬಳು ಮಗಳು, ಆ ಜೂನ್‌ಗೆ ಎಂಟನೇ ಕ್ಲಾಸ್.

ಅವರಿಗೂ ಹೇಳಿದೆ: ‘ಅಣ್ಣಾರ, 2027ರ ನವೆಂಬರ್‌ಗೆ ನಮಗ ಮನಿ ಬೇಕಾಗತದ.’ ಅವರು ಹೆಂಡತಿ ಮುಖ ನೋಡಿದರು. ಆಕೆ ಬೆರಳು ಮಡಚಿ ಎಣಿಸಿದರು. ಆಮೇಲೆ ಆಕೆಯೇ ಅಂದರು, ‘ಹಂಗಾದ್ರ ಆಗಂಗಿಲ್ರಿ ತಮ್ಮಾ. ಅದು ಮಗಳ ಎಸ್ಸೆಸ್ಸೆಲ್ಸಿ ವರ್ಷ. ನಡುವ ಸಾಲಿ ಬಿಡಿಸಾಕ ಆಗಂಗಿಲ್ಲ. ಈಗ ಹೂಂ ಅಂದು ಆಮ್ಯಾಲ ನಿಮ್ಮ ಮುಂದ ಅಳೋದು ಬ್ಯಾಡ.’ ಎದ್ದು ಹೊರಟರು.

ಇದನ್ನು ರಾತ್ರಿ ಫೋನಿನಲ್ಲಿ ಮನೆಗೆ ಹೇಳಿದೆ. ಬ್ಯಾಂಕಿನವರಿಗೆ ಕೊಡೋಣ ಅಂದೆ. ಅಪ್ಪ ಹೂಂ ಅಂದರು. ಆಯಿ ಫೋನು ಕಸಿದುಕೊಂಡಳು. ಸ್ಪೀಕರ್‌ನಲ್ಲಿ ಹಾಕಿ, ನಿಧಾನಕ್ಕೆ ಕೇಳಿದಳು. ‘ಪರೀಕ್ಷಾ ಯಾವಾಗ ಮುಗೀತಾವ?’ ಏಪ್ರಿಲ್ ಅಂದೆ. ‘ಮತ್ತ? ಐದು ತಿಂಗಳು ನಾವು ಎಲ್ಲ್ಯಾರ ಇರಾಕ ಆಗೂದಿಲ್ಲೇನು? ಏಳು ವರ್ಷ ಇದ್ದವರು ನಾವು.’

ಖಾಲಿ ಬಿದ್ದರೂ ಸರಿ ಕೊಡಬೇಡಿ ಅಂದಿದ್ದ ಆಯಿ! ಯಾಕೆ ಮನಸ್ಸು ಬದಲಾಯ್ತು ಅಂತ ಕೇಳಿದೆ. ‘ಆ ಗುಮಾಸ್ತ ಅವತ್ತ ಹಿಂಗ ಮೊದ್ಲ ಹೇಳಿದ್ದಿದ್ರ, ನಿಮ್ಮ ಅಜ್ಜ ಕೋರ್ಟಿಗೆ ಯಾಕ ಹೋಗ್ತಿದ್ದ?’ ಅಂದಳು.

ನಾನು ಲೆಕ್ಕ ಹಾಕಿದೆ. ರಿಟೈರ್ ಆದ ಮೇಲೆ ಐದು ತಿಂಗಳು ಬೇರೆ ಕಡೆ ಸಣ್ಣ ಮನೆ ಹಿಡಿಯೋ ಖರ್ಚು, ಬ್ಯಾಂಕಿನವರು ಕೊಡ್ತೀನಿ ಅಂದ ಸಾವಿರ ರೂಪಾಯಿ ಬಿಟ್ಟಿದ್ದು, ಎರಡೂ ಸೇರಿಸಿದರೆ ನಷ್ಟದ ಕಡೆಗೇ ಬರುತ್ತೆ. ಲಾಭದ ಕಡೆ ಒಂದೇ ಐಟಂ: ತಾರೀಖು ಕೇಳಿ, ಎಣಿಸಿ, ‘ಆಗಲ್ಲ’ ಅಂತ ಮುಖದ ಮೇಲೆ ಹೇಳಿದ ಮನುಷ್ಯರು. ಅದಕ್ಕೆ ಯಾವ ಕಾಲಂನಲ್ಲಿ ಎಷ್ಟು ಬರೀಬೇಕು ಅಂತ ನಮ್ಮ ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಮನೆ ಅವರಿಗೇ ಕೊಟ್ಟೆವು. 11 ತಿಂಗಳ ಆಟ ಆಡಲಿಲ್ಲ. 2025ರ ಜೂನ್ 1ರಿಂದ 2028ರ ಏಪ್ರಿಲ್ 30ರವರೆಗೆ, 35 ತಿಂಗಳ ಕರಾರು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ. ಖರ್ಚು ಅರ್ಧ ಅರ್ಧ. ಅವಧಿಯ ತಾರೀಖು ಸ್ಪಷ್ಟವಾಗಿದ್ದರೆ ಆ ದಿನಕ್ಕೆ ಬಾಡಿಗೆ ತಾನೇ ಮುಗಿಯುತ್ತೆ, ಬೇರೆ ನೋಟಿಸ್ ಬೇಕಿಲ್ಲ. ಅದೇ ಕಾಗದ ಅವರಿಗೂ ರಕ್ಷಣೆ. ಆ ತಾರೀಖಿನ ಮುಂಚೆ, ಮಗಳ ಪರೀಕ್ಷೆಯ ಹೊತ್ತಿಗೆ, ನಮ್ಮ ಅಪ್ಪ ಮನಸ್ಸು ಬದಲಾಯಿಸಿ ‘ಬಿಡ್ರಿ’ ಅನ್ನೋ ಹಾಗಿಲ್ಲ. ಸಹಿ ಹಾಕುವಾಗ ಆಕೆ ಆ ಸಾಲನ್ನು ಎರಡು ಸಲ ಓದಿಸಿಕೊಂಡರು.

ನಾನು ವಕೀಲ ಅಲ್ಲ. ನಿಮ್ಮ ಮನೆಯ ಕಾಗದವನ್ನು ಗೊತ್ತಿದ್ದವರಿಗೆ ತೋರಿಸಿಯೇ ಸಹಿ ಮಾಡಿ. 2028ರ ಏಪ್ರಿಲ್ 30ಕ್ಕೆ ಏನಾಗುತ್ತೋ ನನಗೂ ಗೊತ್ತಿಲ್ಲ. ಆದರೆ ನೂರು ವರ್ಷ ಕೋರ್ಟುಗಳು ಹಿಡಿದುಕೊಂಡು ನಿಂತಿದ್ದ ಆ ತಕ್ಕಡಿಯನ್ನು, ಯಾರ ಕಷ್ಟ ದೊಡ್ಡದು ಅನ್ನೋದನ್ನು, ಈ ಸಲ ಆಯಿ ಫೋನಿನಲ್ಲೇ ತೂಗಿದಳು. ಕೇಸು ಆಗೋ ಮುಂಚೆ, ಬೀಗದ ಕೈ ಕೊಡೋ ಮುಂಚೆ.

ಕಳೆದ ವಾರ ಮನೆ ಕಡೆ ಹೋಗಿದ್ದೆ. ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು, ಪಕ್ಕದಲ್ಲಿ ಒಂದು ಚೀಟಿ. ಹುಡುಗಿಯ ಅಕ್ಷರ. ‘ಇನ್ನೂ ಎಷ್ಟು ತಿಂಗಳು’ ಅಂತ ಬರೆದು, ಕೆಳಗೆ ಗೆರೆ ಎಳೀತಾ ಬಂದಿದ್ದಾಳೆ. ಪರೀಕ್ಷೆಗೋ, ಮನೆಗೋ ಅಂತ ನಾನು ಕೇಳಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಿಮ್ಮ ಮನೆಯಲ್ಲೂ ಇಂಥ ಬಾಡಿಗೆ ಕಥೆ ಇದ್ದರೆ, ಮಾಲೀಕರ ಕಡೆಯದ್ದಾಗಲಿ, ಬಾಡಿಗೆದಾರರ ಕಡೆಯದ್ದಾಗಲಿ, ವಾಯ್ಸ್ ನೋಟ್ ಕಳಿಸಿ. ಬರ್ಲಾ ಮತ್ತ? ನಮಸ್ಕಾರ್ರೀ.